ಕೊಳಕುಮಂಡಲದ ವಿಷ ಮತ್ತು ಒಂದು ತಪ್ಪು ಹೆಸರು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಕೊಳಕುಮಂಡಲ ಎಂದರೆ ಸಾಕು, ಕೆಲಸದಲ್ಲಿದ್ದವರು ಕಾಲ ಬುಡ ನೋಡಿಕೊಳ್ಳುತ್ತಾರೆ. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳಬಹುದು. ಇದನ್ನು ತಿಳಿಯಲು ಆಸ್ಪತ್ರೆಗಳಲ್ಲಿ ಒಂದು ಸರಳ ಪರೀಕ್ಷೆಯಿದೆ. ಒಣಗಿದ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಓರೆ ಮಾಡಿ ನೋಡುತ್ತಾರೆ. ವೈದ್ಯಕೀಯ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಕುತೂಹಲವಿರುವುದು ಇದೇ ವಿಷದ ಇನ್ನೊಂದು ಕಥೆಯಲ್ಲಿ.

ಪ್ಯಾಟ್ರಿಕ್ ರಸೆಲ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ನಿಸರ್ಗ ವಿಜ್ಞಾನಿ. ಕೋರಮಂಡಲ ತೀರದ ಹಾವುಗಳ ಬಗ್ಗೆ ಆತ ಬರೆದ ಗ್ರಂಥ 1796ರಲ್ಲಿ ಪ್ರಕಟವಾಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಆತನದೇ ಹೆಸರು. 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್, ತೆಳುಗೊಳಿಸಿದ ಈ ವಿಷ ಹಿಮೋಫಿಲಿಯಾ ರೋಗಿಯ ರಕ್ತವನ್ನೂ ಹೆಪ್ಪುಗಟ್ಟಿಸುತ್ತದೆಂದು ತೋರಿಸಿದರು. ಹಾಲಿಗೆ ಹೆಪ್ಪು ಹಾಕಿದಂತೆ ವಿಷ ನೇರವಾಗಿ ಆ ಕ್ರಿಯೆಗೆ ಚಾಲನೆ ಕೊಡುತ್ತದೆ. ಕಚ್ಚಿದಾಗ ಹೆಪ್ಪಿಗೆ ಬೇಕಾದ ಸಾಮಗ್ರಿಯೆಲ್ಲ ಖರ್ಚಾಗಿ ರಕ್ತ ನೀರಾಗುತ್ತದೆ. ನಳಿಕೆಯಲ್ಲಾದರೆ ಎಷ್ಟು ಸೆಕೆಂಡಿಗೆ ಹೆಪ್ಪಾಯಿತೆಂದು ಅಳೆಯಬಹುದು.

1952ರಲ್ಲಿ ಅಮೆರಿಕದ ಕಾನ್ಲಿ ಮತ್ತು ಹಾರ್ಟ್‌ಮನ್, ಲೂಪಸ್ ಎಂಬ ಕಾಯಿಲೆಯಿದ್ದ ಇಬ್ಬರ ರಕ್ತದಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವೊಂದನ್ನು ಗುರುತಿಸಿದರು. 1963ರಲ್ಲಿ ಬೋವಿ ಮತ್ತು ಸಂಗಡಿಗರು ವಿಚಿತ್ರವೊಂದನ್ನು ಗಮನಿಸಿದರು: ಇಂಥ ರೋಗಿಗಳ ರಕ್ತನಾಳಗಳಲ್ಲೇ ರಕ್ತ ಹೆಪ್ಪುಗಟ್ಟುತ್ತಿತ್ತು. ಆದರೂ 1972ರಲ್ಲಿ ಆ ವಸ್ತುವಿಗೆ ‘ಲೂಪಸ್ ಆಂಟಿಕೊಆಗ್ಯುಲೆಂಟ್’, ಅಂದರೆ ಹೆಪ್ಪುತಡೆ, ಎಂದೇ ಹೆಸರಾಯಿತು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಇಡೀ ಕಾಯಿಲೆಯ ಚಿತ್ರ ಕೊಟ್ಟರು. ಅದೇ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್: ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಲೂಪಸ್ ಇಲ್ಲದವರಲ್ಲೂ ಇದು ಬರುತ್ತದೆ.

ಹೆಸರು ಹುಟ್ಟಿದ್ದು ನಳಿಕೆಯಿಂದ. ಅಲ್ಲಿ ಹೆಪ್ಪುಗಟ್ಟಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಆಸರೆ ಬೇಕು. ರೋಗಿಯ ಪ್ರತಿಕಾಯಗಳು ಆ ಜಾಗ ಹಿಡಿದು ಕೂರುವುದರಿಂದ ಹೆಪ್ಪು ತಡವಾಗುತ್ತದೆ. ದೇಹದೊಳಗೆ ಅವೇ ಪ್ರತಿಕಾಯಗಳು ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟಿಸುತ್ತವೆ.

ಆದ್ದರಿಂದ ವರದಿಯನ್ನು ಹಂತಹಂತವಾಗಿ ಓದಬೇಕು. ತೆಳುಗೊಳಿಸಿದ ಕೊಳಕುಮಂಡಲದ ವಿಷ ಹಾಕಿದಾಗ ಹೆಪ್ಪು ತಡವಾಯಿತೆ? ಆರೋಗ್ಯವಂತರ ಪ್ಲಾಸ್ಮಾವನ್ನು ಸಮನಾಗಿ ಬೆರೆಸಿದರೆ ಸರಿಹೋಯಿತೆ? ಸರಿಹೋದರೆ ಏನೋ ಕೊರತೆಯಿದೆ. ಹೋಗದಿದ್ದರೆ ಏನೋ ಅಡ್ಡಿಯಿದೆ. ಫಾಸ್ಫೋಲಿಪಿಡ್ ಹೆಚ್ಚಿಸಿದಾಗ ಸಮಯ ಇಳಿಯಿತೆ? ಇಳಿದರೆ ಅಡ್ಡಿ ಈ ಪ್ರತಿಕಾಯಗಳದೇ. ಹೆಪಾರಿನ್, ವಾರ್‌ಫರಿನ್‌ನಂಥ ಔಷಧಿಗಳು ಫಲಿತಾಂಶವನ್ನು ಕೆಡಿಸಬಲ್ಲವು. ಸೋಂಕಿನಿಂದಲೂ ಈ ಪ್ರತಿಕಾಯಗಳು ಕೆಲಕಾಲ ಕಾಣಿಸಿಕೊಳ್ಳುತ್ತವೆ. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಒಂದೇ ಶಾಸನ ನಂಬಿ ರಾಜನ ಕಾಲ ನಿರ್ಧರಿಸಬಾರದೆಂದು ನಮಗೆ ಕಲಿಸುವುದೂ ಇದನ್ನೇ.

ವರದಿಯಲ್ಲಿ ‘ಹೆಪ್ಪುತಡೆ’ ಎಂದು ಓದಿದವರು ರಕ್ತಸ್ರಾವಕ್ಕೆ ಹೆದರುವುದು ಸಹಜ. ಆದರೆ ಅಪಾಯವಿರುವುದು ಕಾಲಿನ ನಾಳದಲ್ಲಿ, ಮಿದುಳಿನಲ್ಲಿ ಕಟ್ಟುವ ಹೆಪ್ಪಿನಿಂದ. ಈ ಪ್ರತಿಕಾಯಗಳು ಮಾಸುವಿಗೂ ಹಾನಿ ಮಾಡುತ್ತವೆ. ಮತ್ತೆ ಮತ್ತೆ ಗರ್ಭ ಇಳಿದ ಹೆಂಗಸಿಗೆ ನಮ್ಮ ಸಮಾಜ ಹಣೆಬರಹ, ದೃಷ್ಟಿ, ಶಾಪ ಎಂದೆಲ್ಲ ಕಾರಣ ಹೇಳಿದೆ. ಅಂಥವರಲ್ಲಿ ಕೆಲವರಿಗೆ ಇರುವುದು ಈ ಕಾಯಿಲೆ. ಇದು ಗೊತ್ತಾದರೆ ವೈದ್ಯರು ಬಸಿರಿನಲ್ಲಿ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುತ್ತಾರೆ. ಹಲವರಿಗೆ ಮಗು ಉಳಿಯುತ್ತದೆ. ಹೆಸರು ಬದಲಾಗುವ ಲಕ್ಷಣವಿಲ್ಲ. ವರದಿ ಕೊಡುವಾಗ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಆ ಹೆಂಗಸು ಹೊತ್ತ ಅಪವಾದವಾದರೂ ಇಳಿದೀತು.