ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ಬಯಲು ಶಿಬಿರ

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ಆಗ್ನೇಯ ಭಾಗದಲ್ಲಿರುವ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಹಾಗೂ ಶಹಾಬಾದ ಪ್ರದೇಶಗಳು ದಖ್ಖನಿನ ಅರೆಶುಷ್ಕ ವಲಯಕ್ಕೆ ಸೇರಿವೆ. ಎರೆಭೂಮಿಯ ಹೊಲಗಳು, ಸುಣ್ಣದ ಕಲ್ಲಿನ ಹಾಸುಗಳು, ಹುಲ್ಲುಗಾವಲುಗಳು ಮತ್ತು ಕುರುಚಲು ಕಾಡು ಇಲ್ಲಿನ ಭೂದೃಶ್ಯದ ಮುಖ್ಯ ಅಂಗಗಳು. ಈ ಭಾಗದಲ್ಲಿ ಡೇರೆ ಹಾಕಿ ರಾತ್ರಿ ತಂಗಲು ಸಿದ್ಧಪಡಿಸಿದ ಶಿಬಿರತಾಣಗಳು ಬಹಳ ಕಡಿಮೆ. ಇರುವ ಮುಖ್ಯ ಸೌಲಭ್ಯ ಚಿಂಚೋಳಿಯ ಅರಣ್ಯ ಪ್ರದೇಶದಲ್ಲಿದೆ. ಉಳಿದೆಡೆ ತಂಗುವವರು ಯಾತ್ರಾಸ್ಥಳಗಳ ವಸತಿ, ತಾಲ್ಲೂಕು ಕೇಂದ್ರಗಳ ಪ್ರವಾಸಿ ಮಂದಿರಗಳು ಅಥವಾ ಜಮೀನಿನ ಒಡೆಯರ ಒಪ್ಪಿಗೆಯನ್ನು ಅವಲಂಬಿಸಬೇಕಾಗುತ್ತದೆ. ನೋಡುವವರಿಗೆ ಖಾಲಿಯಾಗಿ ಕಾಣುವ ಈ ಬಯಲಿನ ಪ್ರತಿಯೊಂದು ತುಂಡು ನೆಲಕ್ಕೂ ಒಬ್ಬ ಒಡೆಯ ಅಥವಾ ಒಂದು ಬಳಕೆ ಇರುವುದರಿಂದ, ಶಿಬಿರದ ಜಾಗವನ್ನು ಹುಡುಕುವುದು ಮೊದಲಿಗೆ ನೆಲದ ಸ್ವರೂಪ ಮತ್ತು ಒಡೆತನವನ್ನು ತಿಳಿಯುವ ಕೆಲಸವಾಗಿದೆ.

ಪರಿಭಾಷೆ

ಶಿಬಿರತಾಣ ಎಂದರೆ ನೀರು, ಶೌಚಾಲಯ ಮತ್ತು ಕಾವಲು ಇರುವ, ಶುಲ್ಕ ಪಡೆದು ತಂಗಲು ಅವಕಾಶ ಕೊಡುವ ನಿಗದಿತ ಸ್ಥಳ. ಚದುರಿದ ಶಿಬಿರ ಅಥವಾ ಬಯಲು ಶಿಬಿರ ಎಂದರೆ ಇಂತಹ ಯಾವ ಸೌಲಭ್ಯವೂ ಇಲ್ಲದ ತೆರೆದ ನೆಲದಲ್ಲಿ ಡೇರೆ ಹಾಕುವುದು. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಅಲ್ಲಿನ ಭೂ ನಿರ್ವಹಣಾ ಸಂಸ್ಥೆಯ ಅಧೀನದ ಸಾರ್ವಜನಿಕ ನೆಲದಲ್ಲಿ ಸಾಮಾನ್ಯವಾಗಿ 14 ದಿನಗಳವರೆಗೆ ಹೀಗೆ ತಂಗಲು ಅವಕಾಶವಿದೆ. ಸ್ವೀಡನ್ನಿನಂತಹ ದೇಶಗಳಲ್ಲಿ ಪ್ರಕೃತಿಯಲ್ಲಿ ಅಡ್ಡಾಡುವುದು ಎಲ್ಲರ ಹಕ್ಕು ಎಂಬ ಸಂಪ್ರದಾಯವೇ ಇದೆ. ಭಾರತದಲ್ಲಿ ಇಂತಹ ಸಾಮಾನ್ಯ ಹಕ್ಕು ಇಲ್ಲ. ಸರ್ಕಾರಿ ಜಮೀನು ಎಂದ ಮಾತ್ರಕ್ಕೆ ಅಲ್ಲಿ ತಂಗಬಹುದು ಎಂದು ಅರ್ಥವಾಗುವುದಿಲ್ಲ.

ಈ ಭಾಗದ ಆಡುಮಾತಿನಲ್ಲಿ ಪ್ರವಾಸದಲ್ಲಿರುವ ಅಧಿಕಾರಿ ಅಥವಾ ಪಯಣಿಗ ರಾತ್ರಿ ಉಳಿಯುವುದಕ್ಕೆ ಮೊಕ್ಕಾಂ ಎಂಬ ಪದವಿದೆ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶದ ಕಂದಾಯ ಶಬ್ದಗಳಲ್ಲಿ ಉರ್ದು ಮತ್ತು ಮರಾಠಿಯ ಪ್ರಭಾವ ಇಂದಿಗೂ ಕಾಣುತ್ತದೆ. ಹಳೆಯ ಮೈಸೂರು ಭಾಗದಲ್ಲಿ ಗೋಮಾಳ ಎನ್ನುವ ಮೇವಿನ ಭೂಮಿಗೆ ಇಲ್ಲಿ ಗಾಯರಾಣ ಎನ್ನುತ್ತಾರೆ.

ಭೂಸ್ವರೂಪ

ಪ್ರದೇಶದ ನೆಲವನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಚಿಂಚೋಳಿ ತಾಲ್ಲೂಕಿನ ಉತ್ತರ ಮತ್ತು ಪೂರ್ವದಲ್ಲಿ ಜಂಬಿಟ್ಟಿಗೆಯ ಎತ್ತರದ ನೆಲ, ಗುಡ್ಡ ಮತ್ತು ಕಾಡು ಇವೆ. ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ ಸುತ್ತ ಭೀಮಾ ಕೊಳ್ಳದ ಸುಣ್ಣದ ಕಲ್ಲು ನೆಲಮಟ್ಟಕ್ಕೆ ಹತ್ತಿರದಲ್ಲಿದೆ. ನೆಲಹಾಸಿಗೆ ದೇಶದಾದ್ಯಂತ ಬಳಕೆಯಾಗುವ ಶಹಾಬಾದ ಕಲ್ಲು ಇದೇ ಶಿಲಾಸ್ತರದಿಂದ ಬರುತ್ತದೆ. ಉಳಿದ ಬಹುಭಾಗ ಎರೆಭೂಮಿ. ತೊಗರಿಯ ಕಣಜ ಎಂದು ಹೆಸರಾದ ಈ ನೆಲದ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ತೆಲಂಗಾಣದ ಕಡೆಯಿಂದ ಹರಿದುಬರುವ ಕಾಗಿಣಾ ನದಿಯು ಸೇಡಂ ಮತ್ತು ಚಿತ್ತಾಪುರ ತಾಲ್ಲೂಕುಗಳನ್ನು ಹಾದು ಭೀಮಾ ನದಿಯನ್ನು ಸೇರುತ್ತದೆ. ಮುಲ್ಲಾಮಾರಿ ಮತ್ತು ಬೆಣ್ಣೆತೊರಾ ಇದರ ಉಪನದಿಗಳು. ಬೇವು, ಬನ್ನಿ, ಹುಣಸೆ ಮತ್ತು ಜಾಲಿ ಬಯಲಿನಲ್ಲಿ ಸಾಮಾನ್ಯವಾಗಿ ಕಾಣುವ ಮರಗಳು. ಮರಗಳು ದೂರ ದೂರ ಇರುವುದರಿಂದ ನೆರಳಿರುವ ಜಾಗಗಳು ವಿರಳ.

ಋತುಗಳು

ವಾರ್ಷಿಕ ಮಳೆ ಸುಮಾರು 750 ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್ ನಡುವೆ ಬೀಳುತ್ತದೆ. ಈ ಅವಧಿಯಲ್ಲಿ ಎರೆನೆಲ ಅಂಟು ಕೆಸರಾಗುತ್ತದೆ. ವಾಹನ ಹೂತುಕೊಳ್ಳುತ್ತದೆ, ಡೇರೆಯ ಗೂಟ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದೇ ನೆಲ ಆಳವಾಗಿ ಬಿರಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸುಣ್ಣದ ಕಲ್ಲಿನ ಹಾಸು ಹಗಲಿನ ಕಾವನ್ನು ಹೀರಿಕೊಂಡು ರಾತ್ರಿಯವರೆಗೂ ಹೊರಸೂಸುತ್ತದೆ.

ತಂಗಲು ಅನುಕೂಲವಾದ ಕಾಲ ನವೆಂಬರ್‌ನಿಂದ ಫೆಬ್ರುವರಿಯವರೆಗೆ. ಆದರೆ ಇದೇ ಕಾಲ ಬೆಳೆಯ ಕಾಲವೂ ಹೌದು. ತೊಗರಿಯ ಕಟಾವು ಡಿಸೆಂಬರ್ ಮತ್ತು ಜನವರಿಯಲ್ಲಿ ನಡೆಯುತ್ತದೆ. ಹಿಂಗಾರಿಯ ಬಿಳಿಜೋಳ ಫೆಬ್ರುವರಿ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಆದ್ದರಿಂದ ಹವೆ ಹಿತವಾಗಿರುವ ತಿಂಗಳುಗಳಲ್ಲಿ ಹೊಲಗಳು ತೆರವಾಗಿರುವುದಿಲ್ಲ. ಹೊಲ ತೆರವಾದ ಮೇಲೆ ಬಿಸಿಲು ಏರತೊಡಗುತ್ತದೆ.

ನೆಲದ ಒಡೆತನ ಮತ್ತು ಅನುಮತಿ

ಬಯಲಿನಲ್ಲಿ ಕಾಣುವ ತೆರೆದ ನೆಲ ಸಾಮಾನ್ಯವಾಗಿ ಈ ಕೆಳಗಿನ ವರ್ಗಗಳಲ್ಲಿ ಒಂದಕ್ಕೆ ಸೇರಿರುತ್ತದೆ.

ಪಟ್ಟಾ ಜಮೀನು: ಖಾಸಗಿ ಹೊಲ. ಬಿತ್ತದೆ ಬಿಟ್ಟ ಬೀಳು ನೆಲವೂ ಯಾರದೋ ಹೊಲವೇ ಆಗಿರುತ್ತದೆ. ಇಲ್ಲಿ ಒಡೆಯನ ಒಪ್ಪಿಗೆ ಸಾಕಾಗುತ್ತದೆ.

ಗಾಯರಾಣ: ಊರಿನ ದನಕರುಗಳ ಮೇವಿಗೆ ಮೀಸಲಾದ ಸರ್ಕಾರಿ ಭೂಮಿ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಕಲಂ ಇಂತಹ ಮೀಸಲಿಗೆ ಆಧಾರ. 1966ರ ನಿಯಮಗಳ 97ನೇ ನಿಯಮವು ಪ್ರತಿ 100 ಜಾನುವಾರುಗಳಿಗೆ 30 ಎಕರೆಯಂತೆ ಮೇವಿನ ಭೂಮಿ ಇರಬೇಕೆನ್ನುತ್ತದೆ. ಇದರ ವಿಷಯದಲ್ಲಿ ತಹಶೀಲ್ದಾರರ ಕಚೇರಿ ಮತ್ತು ಗ್ರಾಮ ಪಂಚಾಯಿತಿಯನ್ನು ವಿಚಾರಿಸಬೇಕು.

ಖರಾಬು: ಸಾಗುವಳಿಗೆ ಒದಗದ ನೆಲ. ಹೊಲದೊಳಗಿನ ಕಲ್ಲು, ಕಣ ಮೊದಲಾದವು ಅ-ಖರಾಬು. ಹಳ್ಳ, ದಾರಿ, ಸ್ಮಶಾನ ಮೊದಲಾದ ಸಾರ್ವಜನಿಕ ಬಳಕೆಯ ನೆಲ ಬ-ಖರಾಬು.

ಅರಣ್ಯ: ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. ವನ್ಯಜೀವಿಧಾಮಕ್ಕೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಅನ್ವಯಿಸುತ್ತದೆ. ಎರಡರಲ್ಲಿಯೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವಂತಿಲ್ಲ.

ಗಣಿ ಗುತ್ತಿಗೆಯ ನೆಲ: ಸಿಮೆಂಟ್ ಕಾರ್ಖಾನೆಗಳು ಮತ್ತು ಕಲ್ಲುಗಣಿಗಳ ಅಧೀನದಲ್ಲಿರುವ ಪ್ರದೇಶ. ಬೇಲಿಯಿಲ್ಲದಿದ್ದರೂ ಇಲ್ಲಿ ಪ್ರವೇಶ ನಿರ್ಬಂಧಿತ.

ಸರ್ವೆ ನಂಬರನ್ನು ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಎಂಬ ಮೊಬೈಲ್ ತಂತ್ರಾಂಶ ನೆರವಾಗುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ಅದು ನಕ್ಷೆಯಲ್ಲಿ ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ನೋಡಿದರೆ ನೆಲ ಖಾಸಗಿಯೋ ಸರ್ಕಾರಿಯೋ ಎಂಬುದು ತಿಳಿಯುತ್ತದೆ. ದಾಖಲೆ ನೋಡಿದ ಬಳಿಕವೂ ಊರಿನಲ್ಲಿ ವಿಚಾರಿಸುವುದು ಅಗತ್ಯ. ದಾಖಲೆಯಲ್ಲಿ ಸರ್ಕಾರಿ ಎಂದಿರುವ ನೆಲವನ್ನು ಊರಿನವರು ಮೇವಿಗೆ, ಜಾತ್ರೆಗೆ ಅಥವಾ ಶವಸಂಸ್ಕಾರಕ್ಕೆ ಬಳಸುತ್ತಿರಬಹುದು.

ಸ್ಥಳಗಳು

ಚಿಂಚೋಳಿ

ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಇದನ್ನು ಗುರುತಿಸಲಾಗುತ್ತದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಮತ್ತು ಕೊಂಡಕುರಿ ಇಲ್ಲಿನ ಪ್ರಾಣಿಗಳು. ರಕ್ತಚಂದನ ಮತ್ತು ಶ್ರೀಗಂಧದ ಮರಗಳೂ ಇವೆ. ಕುಂಚಾವರಂ ಸುತ್ತಲಿನ ಕಾಡು, ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ ಮತ್ತು ಎತ್ತಿಪೋತ ಜಲಪಾತ ಸಂದರ್ಶಕರು ಹೋಗುವ ಮುಖ್ಯ ತಾಣಗಳು. ಚಂದ್ರಂಪಳ್ಳಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಅಲ್ಲಿ ತಂಗಲು ಮುಂಗಡವಾಗಿ ಇಲಾಖೆಯನ್ನು ಸಂಪರ್ಕಿಸಬೇಕು. ಧಾಮದೊಳಗೆ ತಮಗೆ ಬೇಕಾದ ಕಡೆ ಡೇರೆ ಹಾಕಲು ಅವಕಾಶವಿಲ್ಲ. ಅರಣ್ಯದ ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಚಿಂಚೋಳಿಗೆ ರೈಲುಮಾರ್ಗವಿಲ್ಲದ ಕಾರಣ ರಸ್ತೆಯ ಮೂಲಕವೇ ತಲುಪಬೇಕು.

ಸೇಡಂ

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಈ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಇಲ್ಲಿ ಕೋಟೆ, ಜೈನ ಬಸದಿ ಮತ್ತು ಉತ್ತರಾದಿ ಮಠ ಇವೆ. ಕೋಟೆಯ ಆವರಣ ತಂಗುವ ಜಾಗವಲ್ಲ. ಯಾತ್ರಿಕರು ಮಠವನ್ನು ಅಥವಾ ಸೇಡಂ ಪಟ್ಟಣದ ವಸತಿಯನ್ನು ಆಶ್ರಯಿಸುತ್ತಾರೆ. ನದಿಯ ದಂಡೆ ಸಮತಟ್ಟಾಗಿ ಕಂಡರೂ ಕಾಗಿಣಾ ಪ್ರವಾಹಕ್ಕೆ ಹೆಸರಾದ ನದಿ.

ಚಿತ್ತಾಪುರ

ಪಟ್ಟಣದ ಸಮೀಪದ ನಾಗಾವಿ 11ನೇ ಶತಮಾನದಲ್ಲಿ ಘಟಿಕಾಸ್ಥಾನವಾಗಿ ಪ್ರಸಿದ್ಧವಾಗಿತ್ತು. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯವಿದ್ದು, ಅಲ್ಲಿ ಅಶೋಕನ ಶಾಸನ ಪತ್ತೆಯಾಗಿದೆ. ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗುವಂತಿಲ್ಲ. ಸನ್ನತಿಗೆ ಬರುವ ಭಕ್ತರು ದೇವಾಲಯದ ವಸತಿಯನ್ನು ಬಳಸುತ್ತಾರೆ.

ವಾಡಿ ಮತ್ತು ಶಹಾಬಾದ

ಚಿತ್ತಾಪುರ ತಾಲ್ಲೂಕಿನ ವಾಡಿ, ಮುಂಬಯಿ–ಚೆನ್ನೈ ಮಾರ್ಗ ಮತ್ತು ಸಿಕಂದರಾಬಾದ್ ಮಾರ್ಗ ಕೂಡುವ ರೈಲ್ವೆ ಜಂಕ್ಷನ್. ಚಿತ್ತಾಪುರ ಮತ್ತು ಸೇಡಂ ಈ ಎರಡನೆಯ ಮಾರ್ಗದಲ್ಲಿವೆ. ಶಹಾಬಾದ ವಾಡಿ ಮತ್ತು ಕಲಬುರಗಿಯ ನಡುವೆ ಇದೆ. ಎರಡೂ ಊರುಗಳ ಸುತ್ತ ಸುಣ್ಣದ ಕಲ್ಲಿನ ಗಣಿಗಳಿವೆ. ಕೈಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ಕೆರೆಯಂತೆ ಕಾಣುತ್ತದೆ. ಇವುಗಳ ದಂಡೆ ನೇರವಾಗಿ ಕಡಿದಿರುವುದರಿಂದ ಇಳಿದವರು ಹತ್ತಿಬರುವುದು ಕಷ್ಟ, ಅಂಚಿನ ಕಲ್ಲು ಸಡಿಲವಾಗಿರುತ್ತದೆ. ಶಿಬಿರಕ್ಕೆ ಇವು ಯೋಗ್ಯವಲ್ಲ. ಈ ಎರಡು ಊರುಗಳು ಮುಖ್ಯವಾಗಿ ಪ್ರಯಾಣದ ನೆಲೆಗಳಾಗಿ, ನೀರು ಮತ್ತು ದಿನಸಿ ತುಂಬಿಕೊಳ್ಳಲು ಉಪಯುಕ್ತವಾಗಿವೆ.

ಕುರಿಗಾಹಿಗಳ ಬಿಡಾರ

ಈ ಬಯಲಿನಲ್ಲಿ ಚದುರಿದ ಶಿಬಿರದ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದವರು ವಲಸೆ ಕುರಿಗಾಹಿಗಳು. ಸುಗ್ಗಿಯ ನಂತರ ಅವರು ಕುರಿಹಿಂಡಿನೊಂದಿಗೆ ಊರಿಂದ ಊರಿಗೆ ಸಾಗುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಹಿಂಡನ್ನು ನಿಲ್ಲಿಸುವುದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಹಿಕ್ಕೆ ಮತ್ತು ಮೂತ್ರದಿಂದ ಹೊಲಕ್ಕೆ ಗೊಬ್ಬರ ದೊರೆಯುವುದರಿಂದ ರೈತರು ಅವರಿಗೆ ಕಾಳು ಅಥವಾ ಹಣ ಕೊಡುತ್ತಾರೆ. ಬಲೆ ಕಟ್ಟಿ ಕುರಿಗಳನ್ನು ಕೂಡುತ್ತಾರೆ, ತೋಳದ ಭಯಕ್ಕೆ ನಾಯಿಗಳನ್ನು ಕಾವಲಿಗಿಡುತ್ತಾರೆ.

ಈ ಪದ್ಧತಿಯಲ್ಲಿ ಬಿಡಾರದ ಜಾಗವನ್ನು ಆರಿಸುವವನು ಕುರಿಗಾಹಿಯೊಬ್ಬನೇ ಅಲ್ಲ. ಹೊಲದ ಒಡೆಯನೊಂದಿಗೆ ಮೊದಲೇ ಮಾತಾಗಿರುತ್ತದೆ, ನೀರಿನ ಜಾಗ ತಿಳಿದಿರುತ್ತದೆ, ಉಳಿಯುವ ರಾತ್ರಿಗಳು ಲೆಕ್ಕದಲ್ಲಿರುತ್ತವೆ. ಹೊಸದಾಗಿ ಬರುವ ಪ್ರವಾಸಿಗೆ ನೀರಿನ ತಾಣ ಮತ್ತು ತೋಳದ ಓಡಾಟದ ಬಗ್ಗೆ ಇವರಷ್ಟು ಖಚಿತವಾದ ಮಾಹಿತಿ ಕೊಡುವವರು ಕಡಿಮೆ. ಆದರೆ ಹಿಂಡಿನ ಹತ್ತಿರ ಡೇರೆ ಹಾಕುವುದು ಸಲ್ಲದು. ಕಾವಲುನಾಯಿಗಳು ಅಪರಿಚಿತರ ಮೇಲೆ ಎರಗುತ್ತವೆ.

ಜಾಗದ ಆಯ್ಕೆ

ಒಪ್ಪಿಗೆ ದೊರೆತ ನೆಲದಲ್ಲಿ ಜಾಗ ಆರಿಸುವಾಗ ಗಮನಿಸಬೇಕಾದ ಸಂಗತಿಗಳು ಹೀಗಿವೆ.

ಎರೆಗಿಂತ ಮಸಾರಿ ಅಥವಾ ಮೊರಂ ನೆಲ ಉತ್ತಮ. ನೀರು ಬೇಗ ಇಂಗುತ್ತದೆ. ಹಳ್ಳದ ಪಾತ್ರ ಮತ್ತು ನದಿಯ ದಂಡೆಯಿಂದ ದೂರವಿರಬೇಕು. ಮೇಲಿನ ಕಡೆ ಸುರಿದ ಮಳೆಯಿಂದ ಒಣಗಿದ ಹಳ್ಳವೂ ಏಕಾಏಕಿ ತುಂಬಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಮತ್ತು ಕಾಗಿಣಾ ನದಿಗಳ ಪ್ರವಾಹ ಜಿಲ್ಲೆಯ ಅನೇಕ ಊರುಗಳನ್ನು ಮುಳುಗಿಸಿತ್ತು. ಕುಡಿಯುವ ನೀರನ್ನು ಹೊತ್ತು ತರುವುದೇ ಸರಿ. ಬೇಸಿಗೆಯಲ್ಲಿ ಊರಿನ ಕೊಳವೆಬಾವಿಗಳೇ ಬತ್ತುತ್ತವೆ. ದನಕರುಗಳು ಮತ್ತು ಕಾಡುಪ್ರಾಣಿಗಳು ನೀರಿಗೆ ಬರುವ ದಾರಿಯಲ್ಲಿ ಡೇರೆ ಹಾಕಬಾರದು. ಗುಡುಗು ಮಿಂಚಿನ ಸಮಯದಲ್ಲಿ ಬಯಲಿನ ಒಂಟಿ ಮರ ಅಪಾಯಕಾರಿ.

ಸುರಕ್ಷತೆ

ನಾಗರಹಾವು, ಕೊಳಕುಮಂಡಲ, ಗರಗಸಮಂಡಲ ಮತ್ತು ಕಟ್ಟುಹಾವು ಒಣ ಬಯಲಿನಲ್ಲಿ ಕಾಣಸಿಗುವ ವಿಷದ ಹಾವುಗಳು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಕಚ್ಚಿದ ಗುರುತು ಮತ್ತು ನೋವು ಎರಡೂ ಅಲ್ಪವಾಗಿರುತ್ತವೆ. ಅಡಿಭಾಗ ಹೊಲಿದ, ಜಿಪ್ ಇರುವ ಡೇರೆ ಅಥವಾ ಎತ್ತರದ ಮಂಚ ಇದಕ್ಕೆ ತಕ್ಕ ರಕ್ಷಣೆ. ಚೇಳುಗಳು ಚಪ್ಪಡಿ ಕಲ್ಲುಗಳ ಅಡಿಯಲ್ಲಿರುತ್ತವೆ. ಕಚ್ಚಿದಾಗ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಹಾನಿಕರ. ಕಚ್ಚಿಸಿಕೊಂಡವರನ್ನು ಹೆಚ್ಚು ಅಲುಗಾಡಿಸದೆ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸ್ ಕರೆಗೆ 108, ಇತರ ತುರ್ತು ನೆರವಿಗೆ 112 ಸಂಖ್ಯೆಗಳಿವೆ.

ಪರಿಸರದ ಮೇಲಿನ ಪರಿಣಾಮ

ಹುಲ್ಲುಗಾವಲನ್ನು ಸರ್ಕಾರಿ ವರ್ಗೀಕರಣಗಳಲ್ಲಿ ಬಹುಕಾಲ ಪಾಳುಭೂಮಿ ಎಂದೇ ಎಣಿಸಲಾಗಿದೆ. ಈ ಎಣಿಕೆಯೇ ಅದನ್ನು ಗಣಿ, ನೆಡುತೋಪು ಮತ್ತು ಒತ್ತುವರಿಗೆ ಸುಲಭವಾಗಿ ತೆರೆದಿದೆ. ತೋಳ ಮತ್ತು ಕೃಷ್ಣಮೃಗಗಳು ಬದುಕುವುದು ಇಂತಹ ತೆರೆದ ನೆಲದಲ್ಲಿಯೇ. ತೋಳಗಳು ಚಳಿಗಾಲದಲ್ಲಿ ಮರಿ ಹಾಕುತ್ತವೆ. ಪ್ರವಾಸಿಗರು ಬರುವುದೂ ಅದೇ ಕಾಲದಲ್ಲಿ. ಗವಿಯ ಹತ್ತಿರ ಮನುಷ್ಯರ ಸುಳಿದಾಟ ಹೆಚ್ಚಿದರೆ ತೋಳಗಳು ಮರಿಗಳನ್ನು ಬೇರೆಡೆಗೆ ಸಾಗಿಸುತ್ತವೆ.

ಜನವರಿಯ ನಂತರ ಹುಲ್ಲು ಒಣಗಿ ಕಿಡಿಗೆ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಧಾಮದೊಳಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ಅಧಿನಿಯಮದ 30ನೇ ಕಲಂ ನಿಷೇಧಿಸುತ್ತದೆ. ಧಾಮದ ಹೊರಗೂ ಒಂದು ಒಲೆಯ ಕಿಡಿ ಊರಿನ ಇಡೀ ಬೇಸಿಗೆಯ ಮೇವನ್ನು, ಇಲ್ಲವೇ ಕಣದಲ್ಲಿ ಒಟ್ಟಿದ ತೊಗರಿಯ ಬಣವೆಯನ್ನು ಸುಡಬಹುದು. ಆದ್ದರಿಂದ ಬಯಲಿನಲ್ಲಿ ಕಟ್ಟಿಗೆಯ ಬೆಂಕಿಯ ಬದಲು ಗ್ಯಾಸ್ ಒಲೆಯನ್ನು, ಅದನ್ನೂ ಹುಲ್ಲು ತೆಗೆದ ನೆಲದಲ್ಲಿ, ಬಳಸುವುದು ಸೂಕ್ತ. ಕಸವನ್ನು ಹೂಳದೆ ಹಿಂದಕ್ಕೆ ಒಯ್ಯಬೇಕು. ಬಿಟ್ಟುಹೋದ ಪ್ಲಾಸ್ಟಿಕ್ ಚೀಲಗಳು ಮೇಯಲು ಬರುವ ದನಕರುಗಳ ಹೊಟ್ಟೆ ಸೇರುತ್ತವೆ.