ಹಕ್ಕಿಪಿಕ್ಕಿ
ಕರ್ನಾಟಕದ ಅರೆ ಅಲೆಮಾರಿ ಬುಡಕಟ್ಟು, ಪರಿಶಿಷ್ಟ ಪಂಗಡಗಳಲ್ಲೊಂದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಇವರ ಸಂಖ್ಯೆ 11,892. ಮನೆಮಾತು ಗುಜರಾತಿಗೆ ಹತ್ತಿರದ ವಾಗ್ರಿ; ವ್ಯಾಪಾರಕ್ಕೆ ಕನ್ನಡ, ತಮಿಳು, ತೆಲುಗು, ಹಿಂದಿಗಳೂ ಬರುತ್ತವೆ. ಗುಜರಾತಿಯಾ, ಮೇವಾಡ, ಕಾಳಿವಾಲ ಮುಂತಾದ ಒಳಪಂಗಡಗಳಿವೆ. ಮದುವೆಯಲ್ಲಿ ತೆರ ಕೊಡುವವರು ಗಂಡಿನ ಕಡೆಯವರು.

ವರ್ಷದ ಬಹುಪಾಲು ಊರೂರು ಸುತ್ತುತ್ತ ಬಲೆ ಹಾಕಿ ಹಕ್ಕಿ ಹಿಡಿದು ಮಾರುವುದು ಇವರ ಕುಲಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತಡೆಹಾಕಿತು. ಕಾಯ್ದೆ ಅಗತ್ಯವಿತ್ತು, ನಿಜ. ಆದರೆ ಕಸುಬು ಕಳೆದುಕೊಂಡವರ ಹೊಟ್ಟೆಪಾಡಿನ ಚಿಂತೆ ಅದರ ಜೊತೆಗೇ ನಡೆಯಬೇಕಿತ್ತು. ಬನ್ನೇರುಘಟ್ಟದ ಬಳಿಯೂ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲೂ ನೆಲೆ ಸಿಕ್ಕಿತಾದರೂ ತಿರುಗಾಟ ನಿಲ್ಲಲಿಲ್ಲ. ಮಣಿಸರ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆಯ ಕೂದಲೆಣ್ಣೆ ಹೊತ್ತು ಜಾತ್ರೆ, ಪೇಟೆಗಳನ್ನು ಸುತ್ತುತ್ತಿದ್ದವರು ಈಗ ಆಫ್ರಿಕಾದ ದೇಶಗಳಿಗೂ ಹೋಗಿ ತೈಲ, ಔಷಧಿ ಮಾರುತ್ತಾರೆ. ಪಾಸ್‌ಪೋರ್ಟ್ ಬಂದರೂ ಬದುಕಿನ ಬಗೆ ಹಳೆಯದೇ: ಬಂಧುಬಳಗದ ಗುಂಪಿನಲ್ಲಿ ಹೊರಟು, ಕೆಲವು ತಿಂಗಳು ಮಾರಿ, ಕಾಲೊನಿಗೆ ಮರಳುವುದು.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಲುಕಿದ್ದ ಹಕ್ಕಿಪಿಕ್ಕಿಗಳನ್ನು ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ ಮೂಲಕ ಕರೆತರಲಾಯಿತು. 362 ಮಂದಿಯೊಂದಿಗೆ ಬೆಂಗಳೂರಿಗೆ ಬಂದ ವಿಮಾನವೊಂದರಲ್ಲಿ ಈ ಸಮುದಾಯದ ಅನೇಕರಿದ್ದರು.