ಗುಳೆ ಮತ್ತು ಜನಗಣತಿ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು
2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ದೊಡ್ಡ ನಗರ ಹೊಸಪೇಟೆ ಒಂದೇ. 2011ರಲ್ಲೇ ಅದರ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಉಳಿದ ಐದು ತಾಲ್ಲೂಕು ಕೇಂದ್ರಗಳು ಸುತ್ತಲಿನ ಹಳ್ಳಿಗಳನ್ನು ನಂಬಿದ ಸಂತೆಯ ಪಟ್ಟಣಗಳು. ಆದರೆ ನಗರಕ್ಕೂ ಒಳನಾಡಿನ ತಾಂಡಾಗಳಿಗೂ ಇರುವ ಅಂತರವನ್ನು ತಲೆ ಎಣಿಕೆಗಿಂತ ಋತುವೇ ಚೆನ್ನಾಗಿ ತೋರಿಸುತ್ತದೆ. ಮಳೆಯಾಶ್ರಿತ ಜೋಳ, ಶೇಂಗಾದ ಸುಗ್ಗಿ ಮುಗಿದೊಡನೆ ದುಡಿಯುವ ಜನ ಕಬ್ಬು ಕಡಿಯಲು, ಕಾಫಿ ಕೊಯ್ಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕೆಲವು ಮನೆಗಳಿಗೆ ಬೀಗ ಬೀಳುತ್ತದೆ, ಕೆಲವುಗಳಲ್ಲಿ ಮುದುಕರು, ಮಕ್ಕಳಷ್ಟೇ ಉಳಿಯುತ್ತಾರೆ. ಗಣತಿ ಎಲ್ಲರನ್ನೂ ಎಣಿಸುತ್ತದಲ್ಲ ಎಂಬ ಆಕ್ಷೇಪವಿದೆ. ಎಣಿಸುತ್ತದೆ ನಿಜ, ಆದರೆ 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಗುಳೆಯ ಕಾಲದಲ್ಲೇ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರು ನಿಯಮದಂತೆ ಇದ್ದಲ್ಲಿನ ಲೆಕ್ಕಕ್ಕೆ ಸೇರುತ್ತಾರೆ. ನೀರಾವರಿ ಬಂದರೆ ಗುಳೆ ನಿಲ್ಲುತ್ತದೆಂಬ ಮಾತೂ ಅರ್ಧ ಸತ್ಯ: ಕಾಲುವೆಯ ನೀರು ಮೊದಲು ಹೊಲ ಇರುವವರಿಗೆ ಸಲ್ಲುತ್ತದೆ, ಹೊಲವಿಲ್ಲದವರಿಗೆ ಬೇಕಾದದ್ದು ವರ್ಷಪೂರ್ತಿ ಕೂಲಿ.